ಮೂರು ಬಗೆ ಇದ್ದರೆ ಮೂರರಲ್ಲಿ ಒಂದು ಪಾಲು ಅಲ್ವಾ?

ಪ್ರಶ್ನೆ: ನನ್ನ ಮಗಳು ಹತ್ತನೇ ತರಗತಿ. ಸಂಭವನೀಯತೆ ಪಾಠ ಶುರುವಾಗಿದೆ. ಎರಡು ನಾಣ್ಯ ಒಟ್ಟಿಗೆ ಚಿಮ್ಮಿದರೆ ಎರಡೂ ಹೆಡ್ ಬೀಳಬಹುದು, ಎರಡೂ ಟೇಲ್ ಬೀಳಬಹುದು, ಇಲ್ಲವೇ ಒಂದು ಹೆಡ್ ಒಂದು ಟೇಲ್. ಮೂರೇ ಬಗೆ. ಹಾಗಾಗಿ ಎರಡೂ ಹೆಡ್ ಬೀಳುವ ಸಂಭವನೀಯತೆ 1/3 ಎಂದು ಅವಳ ವಾದ. ಪುಸ್ತಕದಲ್ಲಿ 1/4 ಅಂತ ಇದೆ. ನಾಣ್ಯ ಎರಡೂ ಒಂದೇ ಥರ ಇರುವಾಗ ‘ಹೆಡ್-ಟೇಲ್’ ಬೇರೆ, ‘ಟೇಲ್-ಹೆಡ್’ ಬೇರೆ ಹೇಗಾಗುತ್ತದೆ? ನನಗೆ ಸೂತ್ರ ಗೊತ್ತು, ಅವಳನ್ನು ಒಪ್ಪಿಸಲು ಆಗುತ್ತಿಲ್ಲ. ಇನ್ನೊಂದು ಸಂಶಯ ನನ್ನದೇ. ಸತತ ಐದು ಸಲ ಹೆಡ್ ಬಿದ್ದ ಮೇಲೆ ಆರನೇ ಸಲ ಟೇಲ್ ಬೀಳುವ ಸಾಧ್ಯತೆ ಜಾಸ್ತಿ ಅಲ್ವಾ? ದಯವಿಟ್ಟು ಮೊದಲಿನಿಂದ ಬಿಡಿಸಿ ಹೇಳಿ.

ಉತ್ತರ: ಮೊದಲು ನಿಮ್ಮ ಮಗಳಿಗೆ ನನ್ನ ಮೆಚ್ಚುಗೆ ತಿಳಿಸಿ. ಪುಸ್ತಕದ ಉತ್ತರವನ್ನು ಸುಮ್ನೆ ಒಪ್ಪಿಕೊಳ್ಳದೆ ಏಕೆ ಎಂದು ಕೇಳಿದ್ದಾಳೆ. ಅವಳ ವಾದ ತಪ್ಪು. ಆದರೆ ಈ ಪಾಠದ ತಿರುಳು ಆ ತಪ್ಪಿನ ಒಳಗೇ ಇದೆ. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಗಣಿತ ಪುಸ್ತಕದಲ್ಲಿ ಇದೇ ವಾದವನ್ನು ಅಭ್ಯಾಸದ ಪ್ರಶ್ನೆಯಾಗಿ ಕೊಟ್ಟು, ಸರಿಯೋ ತಪ್ಪೋ ಕಾರಣ ಸಮೇತ ಹೇಳಿ ಎಂದು ಕೇಳಿದ್ದಾರೆ. ಎಷ್ಟೋ ಮಕ್ಕಳಿಗೆ ಹಾಗೆ ಅನ್ನಿಸುತ್ತದೆ ಎಂದು ಪುಸ್ತಕ ಬರೆದವರಿಗೂ ಗೊತ್ತು.

ಮಾತಿನಲ್ಲಿ ಒಪ್ಪಿಸುವ ಮೊದಲು ಅವಳ ಕೈಯಲ್ಲೇ ಮಾಡಿಸಿ. ಎರಡು ನಾಣ್ಯ, ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಹಾಳೆಯಲ್ಲಿ ಮೂರು ಸಾಲು: ಎರಡೂ ಹೆಡ್, ಎರಡೂ ಟೇಲ್, ಒಂದೊಂದು. ನೂರು ಸಲ ಚಿಮ್ಮಿ ಗೀಟು ಹಾಕುತ್ತಾ ಹೋಗಲಿ. ಅವಳ ಲೆಕ್ಕ ಸರಿಯಿದ್ದರೆ ಮೂರು ಸಾಲಿಗೂ ಹೆಚ್ಚು ಕಡಿಮೆ 33 ಗೀಟು ಬರಬೇಕು. ಪುಸ್ತಕ ಸರಿಯಿದ್ದರೆ ಮೊದಲ ಎರಡಕ್ಕೆ ಸುಮಾರು 25, ಕೊನೆಯದಕ್ಕೆ ಸುಮಾರು 50. ಕೊನೆಯ ಸಾಲನ್ನೇ ಗಮನಿಸಿ. ಅದು ಸರಿಯಾಗಿ 50 ಆಗಬೇಕಿಲ್ಲ. ನೂರು ಮನೆಗಳಲ್ಲಿ ಈ ಪ್ರಯೋಗ ಮಾಡಿದರೆ ಸುಮಾರು 96 ಮನೆಗಳಲ್ಲಿ ಅದು 40ರಿಂದ 60ರ ಒಳಗೆ ಇರುತ್ತದೆ. 33ರ ಹತ್ತಿರಕ್ಕೆ ಬರುವುದು ತೀರಾ ಅಪರೂಪ.

ಈಗ ಏಕೆ ಎನ್ನುವುದಕ್ಕೆ ಬರೋಣ. ಒಂದು ರೂಪಾಯಿಯ ನಾಣ್ಯ ಒಂದು, ಐದು ರೂಪಾಯಿಯದು ಒಂದು ತೆಗೆದುಕೊಳ್ಳಿ. ಎರಡನ್ನೂ ಚಿಮ್ಮಿ. ಒಂದು ರೂಪಾಯಿ ಹೆಡ್ ಆಗಿ ಬಿದ್ದರೆ ಐದು ರೂಪಾಯಿ ಹೆಡ್ ಆಗಬಹುದು, ಟೇಲ್ ಆಗಬಹುದು. ಒಂದು ರೂಪಾಯಿ ಟೇಲ್ ಆದರೂ ಅಷ್ಟೇ, ಐದು ರೂಪಾಯಿಗೆ ಎರಡು ದಾರಿ. ಒಟ್ಟು ನಾಲ್ಕು. ಇಲ್ಲಿ ‘ಒಂದು ರೂಪಾಯಿ ಹೆಡ್, ಐದು ರೂಪಾಯಿ ಟೇಲ್’ ಬೇರೆ, ಅದರ ತಿರುಗುಮುರುಗು ಬೇರೆ ಎನ್ನುವುದರಲ್ಲಿ ಅವಳಿಗೆ ಸಂಶಯ ಬರುವುದಿಲ್ಲ.

ಈಗ ಐದು ರೂಪಾಯಿ ಎತ್ತಿಟ್ಟು ಇನ್ನೊಂದು ಒಂದು ರೂಪಾಯಿ ತನ್ನಿ. ಎರಡೂ ಒಂದೇ ಥರ. ಒಂದಕ್ಕೆ ಮಾತ್ರ ಅರಿಶಿನದ ಬೊಟ್ಟು ಇಡಿ. ಮತ್ತೆ ನಾಲ್ಕು ಬಗೆ ಕಾಣುತ್ತದೆ. ಬೊಟ್ಟು ಒರೆಸಿಬಿಡಿ. ಅವು ಬೀಳುವ ರೀತಿ ಬದಲಾಯಿತೇ? ಇಲ್ಲ. ನಮ್ಮ ಕಣ್ಣಿಗೆ ಗುರುತು ಸಿಗಲಿಲ್ಲ ಎಂದು ನಾಣ್ಯ ಬೇರೆ ಥರ ಬೀಳುವುದಿಲ್ಲ. ಅವಳಿ ಮಕ್ಕಳು ಎಷ್ಟೇ ಒಂದೇ ಥರ ಕಂಡರೂ ಊಟಕ್ಕೆ ಎರಡು ತಟ್ಟೆ ಹಾಕಲೇಬೇಕು.

ಅಂದರೆ ‘ಒಂದೊಂದು’ ಎಂಬ ಅವಳ ಮೂರನೇ ಬಗೆಯಲ್ಲಿ ಎರಡು ದಾರಿ ಅಡಗಿವೆ. ಅವಳು ಮೂರು ಎಂದು ಎಣಿಸಿದ್ದು ಸರಿ. ಆ ಮೂರಕ್ಕೂ ಸಮಾನ ಅವಕಾಶ ಇದೆ ಎಂದುಕೊಂಡದ್ದು ತಪ್ಪು.

ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. ಬಹಳಷ್ಟು ಮಕ್ಕಳು ‘ಅನುಕೂಲಕರ ಫಲಿತಾಂಶಗಳ ಸಂಖ್ಯೆಯನ್ನು ಒಟ್ಟು ಫಲಿತಾಂಶಗಳ ಸಂಖ್ಯೆಯಿಂದ ಭಾಗಿಸು’ ಎಂಬ ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ಆ ಸೂತ್ರದ ಜೊತೆ ಒಂದು ಷರತ್ತು ಇದೆ. ಎಣಿಸುತ್ತಿರುವ ಎಲ್ಲ ಫಲಿತಾಂಶಗಳಿಗೂ ಸಮಾನ ಅವಕಾಶ ಇರಬೇಕು. ಪುಸ್ತಕದಲ್ಲಿ ಅದನ್ನು ಒಂದು ಸಾಲಿನಲ್ಲಿ ಹೇಳಿರುತ್ತಾರೆ, ತರಗತಿಯಲ್ಲಿ ಅದು ಜಾರಿಹೋಗುತ್ತದೆ. ನನ್ನ ಅನುಭವದಲ್ಲಿ ಈ ಪಾಠದ ಹತ್ತು ತಪ್ಪುಗಳಲ್ಲಿ ಏಳೆಂಟು ಈ ಷರತ್ತನ್ನು ಮರೆತದ್ದರಿಂದಲೇ ಆಗುತ್ತವೆ.

ಮಗಳು ಬೇಸರಪಡದಿರಲಿ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ 1754ರಲ್ಲಿ ಫ್ರೆಂಚ್ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಇದೇ ಜಾಗದಲ್ಲಿ ಎಡವಿದರು. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಂದು ಸಲವಾದರೂ ಹೆಡ್ ಬೀಳುವ ಸಂಭವನೀಯತೆ ಎಷ್ಟು ಎಂಬುದು ಪ್ರಶ್ನೆ. ಮೊದಲ ಸಲವೇ ಹೆಡ್ ಬಿದ್ದರೆ ಆಟ ಮುಗಿಯಿತು. ಇಲ್ಲವಾದರೆ ಟೇಲ್ ಆದ ಮೇಲೆ ಹೆಡ್, ಅಥವಾ ಟೇಲ್ ಆದ ಮೇಲೆ ಟೇಲ್. ಮೂರು ಬಗೆ, ಅದರಲ್ಲಿ ಎರಡು ಅನುಕೂಲ. ಹಾಗಾಗಿ 2/3 ಎಂದರು. ಸರಿ ಉತ್ತರ 3/4. ‘ಮೊದಲ ಸಲವೇ ಹೆಡ್’ ಎಂಬ ಒಂದಕ್ಕೇ ಅರ್ಧ ಅವಕಾಶ ಇದೆ, ಉಳಿದ ಎರಡಕ್ಕೆ ಕಾಲು ಕಾಲು. ಮೂರನ್ನೂ ಒಂದೇ ತಕ್ಕಡಿಯಲ್ಲಿ ಸಮ ಎಂದು ತೂಗಿದ್ದೇ ಅವರ ತಪ್ಪು.

ಅವರಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು ಗೆಲಿಲಿಯೋ ಇಂಥದ್ದೇ ಒಂದು ಗಂಟು ಬಿಡಿಸಿದ್ದರು. ಆಗ ಇಟಲಿಯಲ್ಲಿ ಮೂರು ದಾಳ ಉರುಳಿಸಿ ಮೊತ್ತ ನೋಡುವ ಜೂಜು ಇತ್ತು. ಆಡುವವರಿಗೆ ಒಂದು ವಿಚಿತ್ರ ಕಂಡಿತ್ತು. ಮೊತ್ತ 9 ಬರುವುದಕ್ಕಿಂತ 10 ಬರುವುದು ಸ್ವಲ್ಪ ಜಾಸ್ತಿ. ಆದರೆ ಎಣಿಸಿದರೆ ಎರಡಕ್ಕೂ ಆರಾರು ಬಗೆ. 9ಕ್ಕೆ 1-2-6, 1-3-5, 1-4-4, 2-2-5, 2-3-4, 3-3-3. 10ಕ್ಕೆ 1-3-6, 1-4-5, 2-2-6, 2-3-5, 2-4-4, 3-3-4. ಮತ್ತೆ ವ್ಯತ್ಯಾಸ ಎಲ್ಲಿಂದ?

ದಾಳಗಳಿಗೆ ಕೆಂಪು, ಹಸಿರು, ನೀಲಿ ಬಣ್ಣ ಹಚ್ಚಿ ನೋಡಿ, ಬಿಡಿಸಿಕೊಳ್ಳುತ್ತದೆ. 1-2-6 ಎಂಬ ಒಂದು ಬಗೆ ಆರು ರೀತಿ ಬೀಳಬಹುದು, ಏಕೆಂದರೆ 1 ಯಾವ ಬಣ್ಣದ ದಾಳದಲ್ಲಿ, 2 ಯಾವುದರಲ್ಲಿ ಎಂದು ಅದಲುಬದಲು ಆಗುತ್ತದೆ. 3-3-4 ಮೂರು ರೀತಿ ಬೀಳುತ್ತದೆ, ಏಕೆಂದರೆ 4 ಯಾವ ದಾಳದಲ್ಲಿ ಎಂಬುದಷ್ಟೇ ಪ್ರಶ್ನೆ. 3-3-3 ಬೀಳುವುದು ಒಂದೇ ರೀತಿ. ಎಲ್ಲ ಕೂಡಿದರೆ 9ಕ್ಕೆ 25, 10ಕ್ಕೆ 27. ಒಟ್ಟು ರೀತಿಗಳು 6×6×6, ಅಂದರೆ 216. ವ್ಯತ್ಯಾಸ 216ರಲ್ಲಿ ಬರೀ 2. ಇಷ್ಟು ಸಣ್ಣದನ್ನು ಆ ಜೂಜುಗಾರರು ಆಡಿ ಆಡಿಯೇ ಕಂಡುಕೊಂಡಿದ್ದರು! ಈ ಲೆಕ್ಕವನ್ನು ಮಗಳು ತಾನೇ ಬರೆದು ಕೂಡಲಿ. ಒಂದು ಸಂಜೆ ಇದಕ್ಕೆ ಕೊಟ್ಟರೆ ನಷ್ಟವಿಲ್ಲ. ಆಮೇಲೆ ‘ಎರಡು ದಾಳದ ಮೊತ್ತ 2ರಿಂದ 12ರವರೆಗೆ ಹನ್ನೊಂದು, ಹಾಗಾಗಿ ಒಂದೊಂದಕ್ಕೂ 1/11’ ಎಂದು ಯಾರಾದರೂ ಹೇಳಿದರೆ ಅವಳೇ ತಿದ್ದುತ್ತಾಳೆ. ಮೊತ್ತ 7 ಆಗಲು 36ರಲ್ಲಿ ಆರು ದಾರಿ, 2 ಆಗಲು ಒಂದೇ ದಾರಿ.

ಪಾಠದ ಪದಗಳನ್ನು ಬೇಗ ಮುಗಿಸೋಣ. ಏನು ಬೀಳುತ್ತದೆ ಎಂದು ಮೊದಲೇ ಹೇಳಲಾಗದ ಕೆಲಸ ಒಂದು ಪ್ರಯೋಗ. ಅದರಲ್ಲಿ ಬರಬಹುದಾದ ಒಂದೊಂದೂ ಫಲಿತಾಂಶ. ನಮಗೆ ಬೇಕಾದ ಫಲಿತಾಂಶಗಳ ಗುಂಪು ಘಟನೆ. ದಾಳದಲ್ಲಿ ‘ಸಮಸಂಖ್ಯೆ’ ಒಂದು ಘಟನೆ, ಅದರೊಳಗೆ 2, 4, 6 ಎಂಬ ಮೂರು ಫಲಿತಾಂಶ. ಸಂಭವನೀಯತೆ ಯಾವಾಗಲೂ 0ಯಿಂದ 1ರ ಒಳಗೆ. ಆಗಲು ಸಾಧ್ಯವೇ ಇಲ್ಲದ್ದು 0, ಆಗಿಯೇ ತೀರುವುದು 1. ಘಟನೆ ಆಗುವ ಸಂಭವನೀಯತೆ, ಆಗದಿರುವ ಸಂಭವನೀಯತೆ ಎರಡನ್ನೂ ಕೂಡಿದರೆ 1. ಲೆಕ್ಕದ ಕೊನೆಗೆ 5/4 ಬಂದರೆ ಎಲ್ಲೋ ತಪ್ಪಾಗಿದೆ ಎಂದು ಅಲ್ಲೇ ತಿಳಿಯಬೇಕು.

ಎರಡೇ ಸಾಧ್ಯತೆ ಇದ್ದಾಕ್ಷಣ ಅರ್ಧ ಅರ್ಧ ಎನ್ನುವ ಅಭ್ಯಾಸವೂ ಇದೆ. ನಾಳೆ ಮಳೆ ಬರುತ್ತದೆ ಅಥವಾ ಬರುವುದಿಲ್ಲ, ಹಾಗಾಗಿ ಫಿಫ್ಟಿ ಫಿಫ್ಟಿ. ಜುಲೈ ತಿಂಗಳ ಆಗುಂಬೆಯಲ್ಲಿ ನಿಂತು ಹಾಗೆ ಹೇಳಿ ನೋಡಿ. ಫೆಬ್ರವರಿಯ ಚಳ್ಳಕೆರೆಯಲ್ಲಿ ನಿಂತು ಹೇಳಿ ನೋಡಿ. ಎರಡೂ ಕಡೆ ಸಾಧ್ಯತೆಗಳು ಎರಡೇ, ಅವಕಾಶ ಮಾತ್ರ ಅಜಗಜಾಂತರ. ನಾಣ್ಯದ ಎರಡು ಮುಖ ಹೆಚ್ಚು ಕಡಿಮೆ ಒಂದೇ ಥರ ಇರುವುದರಿಂದ ಅಲ್ಲಿ ಅರ್ಧ ಅರ್ಧ ಎನ್ನುತ್ತೇವೆ. ಮಳೆಗೆ ಅಂಥ ಎರಡು ಮುಖ ಇಲ್ಲ.

ಸರಿ, ಈಗ ನಿಮ್ಮ ಸಂಶಯ. ಐದು ಹೆಡ್ ಆದ ಮೇಲೆ ಟೇಲ್ ಬರುವ ಸಾಧ್ಯತೆ ಜಾಸ್ತಿಯೇ? ಇಲ್ಲ. ಆರನೇ ಸಲವೂ ಅರ್ಧವೇ. ಹಿಂದೆ ಏನು ಬಿದ್ದಿತ್ತು ಎಂದು ನೆನಪಿಟ್ಟುಕೊಳ್ಳಲು ನಾಣ್ಯದಲ್ಲಿ ಏನೂ ಇಲ್ಲ. ಹೀಗೆ ಒಂದರ ಫಲ ಇನ್ನೊಂದರ ಮೇಲೆ ಪರಿಣಾಮ ಮಾಡದಿದ್ದರೆ ಅವನ್ನು ಸ್ವತಂತ್ರ ಘಟನೆಗಳು ಎನ್ನುತ್ತಾರೆ.

ಆದರೆ ನಿಮಗೆ ಹಾಗೆ ಅನ್ನಿಸಲು ಒಂದು ಒಳ್ಳೆಯ ಕಾರಣವೇ ಇದೆ. ‘ಬಹಳ ಸಲ ಚಿಮ್ಮಿದರೆ ಹೆಡ್ಡೂ ಟೇಲೂ ಸಮ ಸಮ ಆಗುತ್ತವೆ’ ಎಂದು ಎಲ್ಲರೂ ಕೇಳಿರುತ್ತೇವೆ. ಹಾಗಿದ್ದರೆ ಐದು ಹೆಡ್ ಮುಂದಾದ ಮೇಲೆ ಟೇಲ್ ಆ ಸಾಲ ತೀರಿಸಬೇಕು ಅಲ್ವಾ? ಇದಕ್ಕೆ ಉತ್ತರ ಜಾನ್ ಕೆರಿಚ್ ಎಂಬ ಗಣಿತದ ಮೇಷ್ಟರ ಲೆಕ್ಕದಲ್ಲಿದೆ. ದಕ್ಷಿಣ ಆಫ್ರಿಕಾದಲ್ಲಿ ಪಾಠ ಮಾಡುತ್ತಿದ್ದ ಅವರು 1940ರಲ್ಲಿ ಡೆನ್ಮಾರ್ಕ್‌ಗೆ ಹೋಗಿದ್ದರು. ಆಗಲೇ ಜರ್ಮನ್ ಸೇನೆ ಆ ದೇಶಕ್ಕೆ ನುಗ್ಗಿತು. ಅವರನ್ನು ಶಿಬಿರವೊಂದರಲ್ಲಿ ಕೂಡಿಹಾಕಿದರು. ಅಲ್ಲಿ ಕುಳಿತು ಅವರು ಒಂದು ನಾಣ್ಯವನ್ನು 10,000 ಸಲ ಚಿಮ್ಮಿ ಪ್ರತಿಯೊಂದನ್ನೂ ಬರೆದಿಟ್ಟರು.

ಮೊದಲ 100ರಲ್ಲಿ ಹೆಡ್ 44. ಅರ್ಧಕ್ಕಿಂತ 6 ಕಡಿಮೆ. 1,000 ಆದಾಗ ಹೆಡ್ 502. ಅರ್ಧಕ್ಕಿಂತ 2 ಜಾಸ್ತಿ. 10,000 ಆದಾಗ 5,067. ಅರ್ಧಕ್ಕಿಂತ 67 ಜಾಸ್ತಿ. ಈ ಕೊನೆಯ ಅಂಕಿಯನ್ನು ನೋಡಿ. ವ್ಯತ್ಯಾಸ ಕರಗಿಲ್ಲ, 67ಕ್ಕೆ ಏರಿದೆ. ಆದರೂ ಶೇಕಡಾ ಲೆಕ್ಕದಲ್ಲಿ 44 ಇದ್ದದ್ದು 50.67 ಆಗಿದೆ. ಸಮವಾಗುತ್ತಾ ಹೋಗುವುದು ಶೇಕಡಾ ಪಾಲು. ಹೆಡ್ ಮತ್ತು ಟೇಲ್‌ಗಳ ಎಣಿಕೆ ಒಂದಕ್ಕೊಂದು ಸರಿಹೋಗಲೇಬೇಕು ಎಂದೇನಿಲ್ಲ. ನಿಮ್ಮ ಐದು ಹೆಡ್‌ಗಳನ್ನು ಯಾವ ಟೇಲೂ ಬಂದು ತೀರಿಸುವುದಿಲ್ಲ. ಮುಂದಿನ ಸಾವಿರಾರು ಸಲಗಳ ರಾಶಿಯಲ್ಲಿ ಆ ಐದು ಲೆಕ್ಕಕ್ಕೆ ಬಾರದಷ್ಟು ಸಣ್ಣದಾಗಿಬಿಡುತ್ತದೆ, ಅಷ್ಟೇ. ಕೆರೆಗೆ ಹಾಕಿದ ಒಂದು ಹಿಡಿ ಉಪ್ಪನ್ನು ಯಾರೂ ಹೊರಗೆ ತೆಗೆಯುವುದಿಲ್ಲ, ಆದರೂ ನೀರು ಉಪ್ಪಾಗುವುದಿಲ್ಲ.

ಇದು ತಿಳಿಯದೆ ಹಣ ಕಳೆದುಕೊಂಡವರು ಬಹಳ. 1913ರ ಆಗಸ್ಟ್‌ನಲ್ಲಿ ಮಾಂಟೆ ಕಾರ್ಲೋದ ಕ್ಯಾಸಿನೋದಲ್ಲಿ ರೂಲೆಟ್ ಚಕ್ರದ ಗುಂಡು ಸತತ 26 ಸಲ ಕಪ್ಪು ಬಣ್ಣದ ಮೇಲೆ ನಿಂತಿತು. ಇನ್ನೇನು ಕೆಂಪು ಬರಲೇಬೇಕು ಎಂದು ಜನ ಪ್ರತಿ ಸಲವೂ ಕೆಂಪಿನ ಮೇಲೆ ಹೆಚ್ಚು ಹೆಚ್ಚು ಹಣ ಕಟ್ಟಿ ಸೋತರು. ಇವತ್ತು ಮೊಬೈಲ್‌ನಲ್ಲಿ ಹಣ ಕಟ್ಟಿ ಆಡುವ ಹುಡುಗರೂ ‘ಇಷ್ಟು ಸಲ ಸೋತಾಯಿತು, ಇನ್ನು ಗೆಲ್ಲಲೇಬೇಕು’ ಎನ್ನುವುದನ್ನು ಕೇಳುತ್ತೇನೆ. ಸಂಕಟವಾಗುತ್ತದೆ. ಹತ್ತನೇ ತರಗತಿಯಲ್ಲೇ ಈ ಮಾತನ್ನು ಗಟ್ಟಿಯಾಗಿ ಹೇಳಿಕೊಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ಕೂಡುವುದು, ಗುಣಿಸುವುದು. ‘ಅಥವಾ ಬಂದರೆ ಕೂಡು, ಮತ್ತು ಬಂದರೆ ಗುಣಿಸು’ ಎಂದು ಹಲವರು ಹೇಳಿಕೊಡುತ್ತಾರೆ. ನನಗೆ ಆ ಸಾಲು ಇಷ್ಟವಿಲ್ಲ. ಅದು ಅರ್ಧ ಮಾತ್ರ ನಿಜ. ಎರಡು ಘಟನೆ ಒಟ್ಟಿಗೆ ಆಗಲು ಸಾಧ್ಯವಿಲ್ಲದಿದ್ದರೆ ಮಾತ್ರ ನೇರವಾಗಿ ಕೂಡಬಹುದು. ಇಸ್ಪೀಟಿನ 52 ಎಲೆಯಲ್ಲಿ ಒಂದನ್ನು ಎಳೆದರೆ ಅದು ರಾಜ ಅಥವಾ ಆಟೀನ್ ಆಗುವ ಸಂಭವನೀಯತೆ ಎಷ್ಟು? ರಾಜ 4, ಆಟೀನ್ 13, ಕೂಡಿದರೆ 17. ಆದರೆ ಆಟೀನ್ ರಾಜನನ್ನು ಎರಡು ಸಲ ಎಣಿಸಿದ್ದೇವೆ. ಒಂದನ್ನು ಕಳೆದರೆ 16. ಉತ್ತರ 16/52. ಗುಣಿಸುವುದಕ್ಕೂ ಇಂಥದ್ದೇ ಎಚ್ಚರ ಬೇಕು. ಎರಡು ಎಲೆ ಎಳೆದಾಗ ಎರಡೂ ರಾಜ ಆಗಬೇಕೆಂದರೆ ಮೊದಲನೆಯದಕ್ಕೆ 4/52. ಅದನ್ನು ವಾಪಸ್ ಇಡದಿದ್ದರೆ ಎರಡನೆಯದಕ್ಕೆ 3/51, ಏಕೆಂದರೆ ಕಟ್ಟಿನಲ್ಲಿ ಒಬ್ಬ ರಾಜ ಕಡಿಮೆಯಾದ.

‘ಒಂದು ಸಲವಾದರೂ’ ಎಂಬ ಮಾತು ಪ್ರಶ್ನೆಯಲ್ಲಿ ಕಂಡರೆ ತಿರುಗಿಸಿ ಯೋಚಿಸಲು ಹೇಳಿ. ಲೂಡೋದಲ್ಲಿ ಕಾಯಿ ಹೊರಗೆ ಬರಲು ಆರು ಬೀಳಬೇಕು. ನಾಲ್ಕು ಸಲ ದಾಳ ಹಾಕಿದರೆ ಒಂದು ಸಲವಾದರೂ ಆರು ಬೀಳುವ ಸಂಭವನೀಯತೆ ಎಷ್ಟು? 1/6ನ್ನು ನಾಲ್ಕು ಸಲ ಕೂಡಿ 4/6 ಎನ್ನುವವರು ಬಹಳ. ಹಾಗೇ ಕೂಡುತ್ತಾ ಹೋದರೆ ಆರು ಸಲಕ್ಕೆ 6/6 ಆಗುತ್ತದೆ, ಅಂದರೆ ಆರು ಬಿದ್ದೇ ಬೀಳಬೇಕು. ಹತ್ತು ಹದಿನೈದು ಸಲ ಹಾಕಿದರೂ ಆರು ಬೀಳದೆ ಕಾದು ಕುಳಿತ ಯಾರೂ ಇದನ್ನು ಒಪ್ಪುವುದಿಲ್ಲ. ಸರಿ ದಾರಿ ಹೀಗಿದೆ. ಒಂದು ಸಲವೂ ಆರು ಬೀಳದಿರುವ ಸಂಭವನೀಯತೆ ಮೊದಲು ನೋಡಿ: 5/6×5/6×5/6×5/6, ಅಂದರೆ 625/1296. ಅದನ್ನು 1ರಿಂದ ಕಳೆಯಿರಿ. 671/1296, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಎಂಬ ಫ್ರಾನ್ಸಿನ ಗಣಿತಜ್ಞರು ಒಬ್ಬರಿಗೊಬ್ಬರು ಪತ್ರ ಬರೆದು ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದಾಗ ಅವರ ಮುಂದೆ ಇದ್ದದ್ದೂ ಇಂಥ ದಾಳದ ಲೆಕ್ಕಗಳೇ.

ಕೊನೆಯದಾಗಿ ಮನೆಯಲ್ಲಿ ಮಾಡಲು ಒಂದು ಕೆಲಸ. ಚೌಕಾಬಾರ ಆಡುತ್ತೀರಾ? ಕೆಲವು ಕಡೆ ಕಟ್ಟೆಮನೆ ಎನ್ನುತ್ತಾರೆ. ನಾಲ್ಕು ಕವಡೆ ಹಾಕಿ ಎಷ್ಟು ಬಾಯಿ ಮೇಲಾಗಿ ಬಿದ್ದವು ಎಂದು ನೋಡುತ್ತೇವೆ. ಒಂದು, ಎರಡು, ಮೂರು. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕು ಮನೆ. ಎಲ್ಲ ಬೋರಲು ಬಿದ್ದರೆ ಬಾರ, ಎಂಟು ಮನೆ. ಊರಿಂದ ಊರಿಗೆ ನಿಯಮ ಸ್ವಲ್ಪ ಬೇರೆ ಇರಬಹುದು. ಐದು ಫಲಿತಾಂಶ ಇವೆ ಎಂದು ಒಂದೊಂದಕ್ಕೂ 1/5 ಎನ್ನಲು ಈಗ ನಿಮ್ಮ ಮಗಳು ಒಪ್ಪುವುದಿಲ್ಲ. ಕವಡೆ ನಾಣ್ಯದ ಥರ ಅರ್ಧ ಅರ್ಧ ಬೀಳುತ್ತದೆ ಎಂದುಕೊಂಡರೆ ಒಟ್ಟು 16 ರೀತಿ. ಬಾರಕ್ಕೆ 1, ಒಂದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1.

ಆದರೆ ಕವಡೆ ನಾಣ್ಯದ ಥರ ಇಲ್ಲ. ಒಂದು ಬದಿ ಉಬ್ಬು, ಇನ್ನೊಂದು ಬದಿ ಚಪ್ಪಟೆ. ಅರ್ಧ ಅರ್ಧ ಎನ್ನಲು ಆಧಾರವೇ ಇಲ್ಲ. ಇಲ್ಲಿ ಪುಸ್ತಕದ ಸೂತ್ರ ಸಾಲದು, ಕೆರಿಚ್ ಮಾಡಿದ ಹಾಗೆ ಹಾಕಿಯೇ ನೋಡಬೇಕು. ಒಂದು ಕವಡೆಯನ್ನು 200 ಸಲ ಹಾಕಲಿ. ಉದಾಹರಣೆಗೆ 80 ಸಲ ಬಾಯಿ ಮೇಲಾಯಿತು ಅಂದುಕೊಳ್ಳಿ. ಆಗ ಅದರ ಸಂಭವನೀಯತೆ ಸುಮಾರು 0.4. ನಾಲ್ಕೂ ಕವಡೆ ಹೀಗೇ ಇದ್ದರೆ ಚೌಕಕ್ಕೆ 0.4ನ್ನು ನಾಲ್ಕು ಸಲ ಗುಣಿಸಬೇಕು, 0.0256. ಬಾರಕ್ಕೆ 0.6ನ್ನು ನಾಲ್ಕು ಸಲ, 0.1296. ಅಂಥ ಕವಡೆಗಳಲ್ಲಿ ಚೌಕಕ್ಕಿಂತ ಬಾರ ಐದು ಪಟ್ಟು ಹೆಚ್ಚು ಬೀಳುತ್ತದೆ! ನಿಮ್ಮ ಮನೆಯ ಕವಡೆಗೆ 0.4 ಬರಬೇಕೆಂದೇನಿಲ್ಲ, ಅದರದೇ ಅಂಕಿ ಬರುತ್ತದೆ. ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜವೂ ಆಗುತ್ತದೆ.

ಆ ಅಂಕಿ ಸಿಕ್ಕ ಮೇಲೆ ನಾಲ್ಕೂ ಕವಡೆ ಸೇರಿಸಿ ಇನ್ನೊಂದು 200 ಸಲ ಹಾಕಿ. ಹಾಳೆಯಲ್ಲಿ ಎರಡು ಸಾಲು ಬರೆಯಲಿ. ಮೇಲಿನ ಸಾಲಿನಲ್ಲಿ ಲೆಕ್ಕದ ಪ್ರಕಾರ ಬಾರ, ಒಂದು, ಎರಡು, ಮೂರು, ಚೌಕ ಎಷ್ಟೆಷ್ಟು ಬೀಳಬೇಕಿತ್ತು ಎಂಬುದು. ಕೆಳಗಿನ ಸಾಲಿನಲ್ಲಿ ನಿಜವಾಗಿ ಎಷ್ಟು ಬಿದ್ದವು ಎಂಬುದು. ಎರಡಕ್ಕೂ ದೊಡ್ಡ ಅಂತರ ಕಂಡರೆ ನಾಲ್ಕು ಕವಡೆಗಳೂ ಒಂದೇ ಥರ ಇಲ್ಲದಿರಬಹುದು. ಆಗ ಪ್ರತಿಯೊಂದನ್ನೂ ಬೇರೆ ಬೇರೆ 200 ಸಲ ಹಾಕಿ ನೋಡಬೇಕು. ಒಂದೊಂದಕ್ಕೂ ಗುರುತಿಗೆ ಅರಿಶಿನದ ಬೊಟ್ಟು ಇಟ್ಟುಕೊಳ್ಳಿ, ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು.